ಮ್ಯಾಪೋ, ರೀಲೋ, ವಾಟ್ಸ್‌ಆ್ಯಪೋ: ಮೈಸೂರು, ಮಂಡ್ಯದ ಹೋಟೆಲ್‌ಗೆ ಯಾವುದು ಮೊದಲು?

ಹೋಟೆಲ್ ಇಟ್ಟವರ ಮುಂದೆ ಈಗ ಆಯ್ಕೆಗಳಿಗೇನೂ ಬರವಿಲ್ಲ. ಗೂಗಲ್ ಮ್ಯಾಪ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್, ಫೇಸ್‌ಬುಕ್, ಯೂಟ್ಯೂಬ್, ಇವೆಲ್ಲ ಸಾಲದು ಅಂತ ದುಡ್ಡು ಕೊಟ್ಟರೆ ಬಂದು ವಿಡಿಯೊ ಮಾಡಿಕೊಂಡು ಹೋಗುವ ಫುಡ್ ಬ್ಲಾಗರ್‌ಗಳು. ಬರ ಇರುವುದು ಸಮಯಕ್ಕೆ. ಬೆಳಿಗ್ಗೆ ಐದಕ್ಕೆ ಹಿಟ್ಟು ನೋಡಿ, ಹಾಲಿನವರ ಲೆಕ್ಕ ಮುಗಿಸಿ, ಗಲ್ಲಾದಲ್ಲಿ ಕೂರುವ ಮಾಲೀಕರಿಗೆ ಇದಕ್ಕೆಲ್ಲ ದಿನಕ್ಕೆ ಅರ್ಧ ಗಂಟೆ ಸಿಕ್ಕರೆ ಹೆಚ್ಚು. ಆ ಅರ್ಧ ಗಂಟೆಯನ್ನು ಆರು ಕಡೆ ಹಂಚಿದರೆ ಆರರಲ್ಲೂ ಕೆಲಸ ಅರ್ಧಂಬರ್ಧ. ಆದ್ದರಿಂದ ಇಲ್ಲಿ ನೋಡುತ್ತಿರುವುದು ಯಾವುದನ್ನು ಮೊದಲು ಹಿಡಿಯಬೇಕು, ಯಾವುದನ್ನು ಸದ್ಯಕ್ಕೆ ಬಿಟ್ಟರೂ ನಡೆಯುತ್ತದೆ ಎಂಬುದನ್ನು.

ಆಯ್ಕೆಗೆ ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ: ನಿಮ್ಮಲ್ಲಿಗೆ ಬರುವವರು ಊಟದ ತೀರ್ಮಾನವನ್ನು ಎಷ್ಟು ಹೊತ್ತು ಮುಂಚೆ ಮಾಡುತ್ತಾರೆ? ಅರಮನೆ ನೋಡಿ ಹೊರಬಂದ ಕುಟುಂಬ ಹತ್ತು ನಿಮಿಷದಲ್ಲಿ ತೀರ್ಮಾನಿಸುತ್ತದೆ, ಅದೂ ಮ್ಯಾಪ್ ತೆರೆದು. ಶನಿವಾರ ಬೆಂಗಳೂರಿನಿಂದ ಇಳಿಯುವ ಹುಡುಗ ಹುಡುಗಿಯರು ವಾರದ ನಡುವೆಯೇ ರೀಲ್ ಸೇವ್ ಮಾಡಿಟ್ಟುಕೊಂಡಿರುತ್ತಾರೆ. ಕುವೆಂಪುನಗರದ ಪಕ್ಕದ ಕ್ರಾಸಿನ ಮನೆಯವರು ಹುಡುಕುವುದೂ ಇಲ್ಲ, ಸೇವ್ ಮಾಡುವುದೂ ಇಲ್ಲ. ಅವರಿಗೆ ನೀವು ನೆನಪಾಗಬೇಕು ಅಷ್ಟೆ. ಹುಡುಕುವವರಿಗೆ ಮ್ಯಾಪ್, ಆಸೆಪಡುವವರಿಗೆ ರೀಲ್, ಮರೆತವರಿಗೆ ವಾಟ್ಸ್‌ಆ್ಯಪ್. ಈ ಮೂರರಲ್ಲಿ ನಿಮ್ಮ ಹೋಟೆಲ್‌ಗೆ ಯಾರು ಜಾಸ್ತಿ ಎಂದು ತಿಳಿದರೆ ಮುಕ್ಕಾಲು ತೀರ್ಮಾನ ಆದಂತೆಯೇ.

ಮ್ಯಾಪ್: ಯಾವ ಹೋಟೆಲ್ ಆದರೂ ಇದೇ ಮೊದಲು

ಮ್ಯಾಪಿನಲ್ಲಿ ನಿಮ್ಮ ಹೋಟೆಲ್ ಮೇಲೆ ಒತ್ತಿದಾಗ ತೆರೆಯುವ ಪುಟ, ಅಂದರೆ ಗೂಗಲ್ ಬಿಸಿನೆಸ್ ಪ್ರೊಫೈಲ್, ಸೋಷಿಯಲ್ ಮೀಡಿಯಾ ಹೌದೋ ಅಲ್ಲವೋ ಎಂಬ ವಾದ ಬೇರೆ. ಜನ ಫೋಟೊ ಹಾಕುತ್ತಾರೆ, ಅಭಿಪ್ರಾಯ ಬರೆಯುತ್ತಾರೆ, ನೀವು ಉತ್ತರ ಕೊಡುತ್ತೀರಿ, ಅಷ್ಟು ಸಾಕು. ಇದಕ್ಕೆ ಒಂದು ಪೈಸೆ ಶುಲ್ಕವಿಲ್ಲ. "ನಿಮ್ಮ ಲಿಸ್ಟಿಂಗ್ ಅವಧಿ ಮುಗಿದಿದೆ, ಇಷ್ಟು ಕಟ್ಟದಿದ್ದರೆ ತೆಗೆದುಹಾಕುತ್ತೇವೆ" ಎಂದು ಫೋನ್ ಬಂದರೆ ಅದು ಮೋಸ, ಫೋನ್ ಇಟ್ಟುಬಿಡಿ.

ಮೊದಲ ಕೆಲಸ, ನಿಮ್ಮ ಹೋಟೆಲ್ ಹೆಸರಲ್ಲಿ ಈಗಾಗಲೇ ಎಷ್ಟು ಪಿನ್ ಇವೆ ನೋಡುವುದು. ಹಳೆಯ ಹೋಟೆಲ್‌ಗಳಿಗೆ ಎರಡು ಮೂರು ಇರುವುದು ಸಾಮಾನ್ಯ, ಏಕೆಂದರೆ ಯಾರೋ ಗಿರಾಕಿ ಒಂದು ಸೇರಿಸಿರುತ್ತಾರೆ, ಹಿಂದಿನ ಪಾರ್ಟ್‌ನರ್ ಇನ್ನೊಂದು. ಅಭಿಪ್ರಾಯಗಳು ಹೆಚ್ಚಿರುವ ಪಿನ್ನನ್ನೇ ನಿಮ್ಮದಾಗಿಸಿಕೊಳ್ಳಿ, ಉಳಿದದ್ದನ್ನು ನಕಲು ಎಂದು ವರದಿ ಮಾಡಿ. ಹೊಸದಾಗಿ ಶುರು ಮಾಡಿದರೆ ಇದುವರೆಗಿನ ಸ್ಟಾರ್‌ಗಳೆಲ್ಲ ಹಳೆಯ ಪಿನ್ನಲ್ಲೇ ಉಳಿಯುತ್ತವೆ.

ಪರಿಶೀಲನೆಗೆ ಗೂಗಲ್ ಸಾಮಾನ್ಯವಾಗಿ ವಿಡಿಯೊ ಕೇಳುತ್ತದೆ. ಕನಿಷ್ಠ 30 ಸೆಕೆಂಡ್, ನಡುವೆ ಕತ್ತರಿಸದೆ, ಒಂದೇ ಓಟದಲ್ಲಿ: ಮೊದಲು ರಸ್ತೆ ಮತ್ತು ಪಕ್ಕದ ಅಂಗಡಿ, ಆಮೇಲೆ ನಿಮ್ಮ ಬೋರ್ಡ್, ಒಳಗೆ ಟೇಬಲ್‌ಗಳು, ಕೊನೆಗೆ ನೀವೇ ನಡೆಸುವವರು ಎಂಬುದಕ್ಕೆ ಗಲ್ಲಾ ತೆರೆಯುವುದು ಅಥವಾ ಅಡುಗೆಮನೆಯೊಳಗೆ ಹೋಗುವುದು. ಬೋರ್ಡಿನಲ್ಲಿ "ಶ್ರೀ ಗಣೇಶ ಭವನ" ಎಂದಿದ್ದು ಪ್ರೊಫೈಲಿನಲ್ಲಿ "ಗಣೇಶ್ ಬೆಸ್ಟ್ ದೋಸೆ ಮೈಸೂರು" ಎಂದು ಹಾಕಿದರೆ ವಿಡಿಯೊ ತಿರಸ್ಕೃತವಾಗುತ್ತದೆ. ಒಂದು ವೇಳೆ ದಾಟಿದರೂ ಮುಂದೊಂದು ದಿನ ಪ್ರೊಫೈಲನ್ನೇ ಅಮಾನತಿನಲ್ಲಿಡುತ್ತಾರೆ. ಹೆಸರಿಗೆ ಬಾಲ ಕಟ್ಟಬೇಡಿ. ದೋಸೆ, ಊಟ, ವೆಜ್ ಇದನ್ನೆಲ್ಲ ಹೇಳಲು ವರ್ಗ ಎಂಬ ಜಾಗವಿದೆ: ಮುಖ್ಯವಾದದ್ದು ಒಂದು, ಹೆಚ್ಚುವರಿ 9ರವರೆಗೆ. ಮುಖ್ಯ ವರ್ಗವನ್ನು ಬರೀ "ರೆಸ್ಟೋರೆಂಟ್" ಎಂದು ಬಿಡುವ ಬದಲು "ದಕ್ಷಿಣ ಭಾರತೀಯ ರೆಸ್ಟೋರೆಂಟ್" ಎಂದು ಕೊಡಿ. ಹುಡುಕುವವರು ಕೇಳುವುದು ಅದನ್ನೇ.

ಪಿನ್ ಎಲ್ಲಿ ಕೂತಿದೆ ಎಂಬುದನ್ನು ಸ್ಯಾಟಲೈಟ್ ನೋಟದಲ್ಲಿ ದೊಡ್ಡದು ಮಾಡಿ ನೋಡಿ. ಹಿಂದಿನ ಕ್ರಾಸಿನ ಮೇಲೆ ಕೂತಿದ್ದರೆ ಮ್ಯಾಪ್ ಜನರನ್ನು ನಿಮ್ಮ ಹಿತ್ತಲ ಗೋಡೆಗೆ ಕರೆದುಕೊಂಡು ಹೋಗಿ ನಿಲ್ಲಿಸುತ್ತದೆ. ವಿಜಯನಗರ, ಗೋಕುಲಂನಂಥ ಮೇನ್, ಕ್ರಾಸ್ ಲೆಕ್ಕದ ಬಡಾವಣೆಗಳಲ್ಲಿ ಇದು ತೀರಾ ಮಾಮೂಲು.

ವೇಳೆ ತಪ್ಪಾದರೆ ಆಗುವ ನಷ್ಟ ಎಲ್ಲಕ್ಕಿಂತ ದೊಡ್ಡದು. ಮಧ್ಯಾಹ್ನ ಮೂರೂವರೆಗೆ ಅಡುಗೆಮನೆ ಮುಚ್ಚುವವರು ಬೆಳಿಗ್ಗೆ 7ರಿಂದ ರಾತ್ರಿ 10 ಎಂದು ಒಂದೇ ಗೆರೆ ಎಳೆದಿರುತ್ತಾರೆ. ನಾಲ್ಕಕ್ಕೆ ಬಂದವರು ಖಾಲಿ ಹೊಟ್ಟೆಯಲ್ಲಿ ಒಂದು ಸ್ಟಾರ್ ಒತ್ತಿ ಹೋಗುತ್ತಾರೆ. ಒಂದೇ ದಿನಕ್ಕೆ ಎರಡು ಮೂರು ಪಾಳಿಯ ವೇಳೆ ಕೊಡಲು ಅವಕಾಶವಿದೆ, ಬಳಸಿ. ಹಬ್ಬಗಳಿಗೆ ವಿಶೇಷ ವೇಳೆ ಎಂಬ ಪ್ರತ್ಯೇಕ ಜಾಗವಿದೆ. ಆಯುಧಪೂಜೆಗೆ ಮಧ್ಯಾಹ್ನ ಬಾಗಿಲು ಹಾಕುವವರು, ಜಂಬೂಸವಾರಿಯ ದಿನ ರಸ್ತೆ ಬಂದ್ ಆಗುವ ಸಯ್ಯಾಜಿರಾವ್ ರಸ್ತೆಯ ಆಸುಪಾಸಿನವರು ಒಂದು ವಾರ ಮುಂಚೆಯೇ ಅದನ್ನು ತುಂಬಿಡಬೇಕು. ಅದೇ ರೀತಿ ಭಾನುವಾರ, ಸರ್ಕಾರಿ ರಜೆಯ ಸಂಜೆ ಅರಮನೆಯ ದೀಪ ನೋಡಿ ಜನ ಒಮ್ಮೆಗೇ ಹೊರಬರುತ್ತಾರೆ. ಆ ಹೊತ್ತಿನಲ್ಲಿ ಮ್ಯಾಪ್ ನಿಮ್ಮನ್ನು "ಮುಚ್ಚಿದೆ" ಎಂದು ತೋರಿಸಿದರೆ ಅಷ್ಟೂ ಜನ ಪಕ್ಕದವರ ಪಾಲು. ಮೃಗಾಲಯಕ್ಕೆ ಮಂಗಳವಾರ ರಜೆ, ಹಾಗಾಗಿ ಆ ಕಡೆಯ ಹೋಟೆಲ್‌ಗಳು ವಾರದ ರಜೆ ಇಡುವುದಾದರೆ ಮಂಗಳವಾರವೇ ಲೇಸು.

ಫೋಟೊ ಬಗ್ಗೆ ಒಂದೇ ಮಾತು. ತಿಂಡಿಯದ್ದು ಹತ್ತು ಇದ್ದರೆ ಜಾಗದ್ದು ಐದು ಇರಲಿ: ಹೊರಗಿನ ಬೋರ್ಡ್, ಗಾಡಿ ನಿಲ್ಲಿಸುವ ಜಾಗ, ಕೂರುವ ಕೋಣೆ, ಕೈ ತೊಳೆಯುವ ಜಾಗ, ಬೆಲೆ ಕಾಣುವ ಮೆನು. ಕುಟುಂಬದೊಂದಿಗೆ ಬರುವವರು ಹುಡುಕುವುದು ಕೊನೆಯ ಮೂರನ್ನು. ಬೆಲೆ ಏರಿಸಿದ ದಿನವೇ ಹಳೆಯ ಮೆನುವಿನ ಫೋಟೊ ತೆಗೆದು ಹೊಸದು ಹಾಕಿ, ಇಲ್ಲದಿದ್ದರೆ ಗಲ್ಲಾದ ಮುಂದೆ ನಿತ್ಯ ಜಗಳ.

ಅಭಿಪ್ರಾಯ ಕೇಳಿ ಪಡೆಯಬಹುದು, ಕೊಂಡುಕೊಳ್ಳುವಂತಿಲ್ಲ. "ಐದು ಸ್ಟಾರ್ ಕೊಟ್ಟರೆ ಕಾಫಿ ಉಚಿತ" ಎಂಬ ಚೀಟಿ ಗೂಗಲ್ ನಿಯಮಕ್ಕೆ ವಿರುದ್ಧ. ಬಿಲ್ ಕೊಡುವಾಗ ಕ್ಯೂಆರ್ ತೋರಿಸಿ ಕೇಳಿದರೆ ತಪ್ಪಿಲ್ಲ, ಆದರೆ ನಗುತ್ತಾ ಹೊರಡುವವರನ್ನು ಮಾತ್ರ ಆರಿಸಿ ಕೇಳುವುದೂ ನಿಯಮಕ್ಕೆ ಹೊರಗೇ. ಬೈದು ಬರೆದವರಿಗೆ ಉತ್ತರ ಬರೆಯುವುದು ಅವರನ್ನು ಒಪ್ಪಿಸಲು ಅಲ್ಲ. ನಾಳೆ ಅದನ್ನು ಓದುವ ನೂರು ಜನಕ್ಕೆ. ಹೀಗೆ ಬರೆಯಬಹುದು:

"ನಮಸ್ಕಾರ ಮೇಡಂ. ಭಾನುವಾರ ಒಂಬತ್ತೂವರೆಗೆ ಒಂದೇ ಕಾವಲಿ ನಡೆಯುತ್ತಿತ್ತು, ಅದಕ್ಕೇ ದೋಸೆಗೆ ಅಷ್ಟು ಹೊತ್ತು ಕಾಯಬೇಕಾಯಿತು. ಈ ವಾರದಿಂದ ಭಾನುವಾರ ಎರಡನೇ ಕಾವಲಿಯನ್ನೂ ಹಚ್ಚುತ್ತಿದ್ದೇವೆ. ಎಂಟೂವರೆಯೊಳಗೆ ಬಂದರೆ ಕಾಯುವುದು ಇರುವುದಿಲ್ಲ. ಇನ್ನೊಮ್ಮೆ ಬನ್ನಿ."

ಕಾರಣ, ತಿದ್ದುಪಡಿ, ಒಂದು ಉಪಯುಕ್ತ ಮಾಹಿತಿ. ಇಷ್ಟೇ ಸಾಕು. "ನಿಮ್ಮ ಅಮೂಲ್ಯ ಸಲಹೆಗೆ ಧನ್ಯವಾದ" ಎಂದು ಎಲ್ಲರಿಗೂ ಒಂದೇ ಅಚ್ಚು ಒತ್ತಿದರೆ ಅದನ್ನು ಯಾರೂ ಓದುವುದಿಲ್ಲ.

ಹೆದ್ದಾರಿ ಹೋಟೆಲ್‌ಗಳ ಲೆಕ್ಕವೇ ಬೇರೆ

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬೈಪಾಸ್ ಬಳಸಿಕೊಂಡು ಹೋಯಿತು. ಮುಂಚೆ ಬೋರ್ಡ್ ನೋಡಿ ಬ್ರೇಕ್ ಹಾಕುತ್ತಿದ್ದ ಕಾರುಗಳಿಗೆ ಈಗ ಬೋರ್ಡೇ ಕಾಣುವುದಿಲ್ಲ. ಕಂಡರೂ ಪ್ರಯೋಜನವಿಲ್ಲ, ಹೊರದಾರಿ ಹಿಂದೆ ಉಳಿದಿರುತ್ತದೆ. ಅಂದರೆ ಮದ್ದೂರು ವಡೆ ತಿನ್ನುವ ತೀರ್ಮಾನ ಮದ್ದೂರಿನ ಹೊರದಾರಿ ಬರುವ ಮುಂಚೆಯೇ ಕಾರಿನೊಳಗೆ ಆಗಿರಬೇಕು.

ಇಲ್ಲಿ ರೀಲ್‌ಗಿಂತ ಮ್ಯಾಪ್ ಹತ್ತು ಪಾಲು ಕೆಲಸ ಮಾಡುತ್ತದೆ. ದಾರಿ ಹಾಕಿಕೊಂಡು ಹೋಗುವವರು "ದಾರಿಯಲ್ಲಿ ಹೋಟೆಲ್" ಎಂದು ಹುಡುಕಿದಾಗ ಗೂಗಲ್ ಪ್ರತಿ ಹೋಟೆಲ್‌ಗೂ ಎಷ್ಟು ನಿಮಿಷ ಹೆಚ್ಚಾಗುತ್ತದೆ ಎಂದು ತೋರಿಸುತ್ತದೆ. ನಿಮ್ಮ ಪಿನ್ ಸರ್ವಿಸ್ ರಸ್ತೆಯ ಬದಲು ಮುಖ್ಯ ಹೆದ್ದಾರಿಗೆ ಅಂಟಿಕೊಂಡಿದ್ದರೆ, ಅಥವಾ ರಸ್ತೆಯ ಆಚೆ ಬದಿಗೆ ಕೂತಿದ್ದರೆ, ಆ ನಿಮಿಷದ ಲೆಕ್ಕವೇ ಉಲ್ಟಾ ಆಗುತ್ತದೆ. ಪ್ರೊಫೈಲಿನ ವಿವರಣೆಗೆ 750 ಅಕ್ಷರ ಜಾಗವಿದೆ. ಅಲ್ಲಿ "ಶುಚಿ ರುಚಿ" ಎಂದು ತುಂಬಿಸುವ ಬದಲು ಬೆಂಗಳೂರಿನಿಂದ ಬರುವಾಗ ಯಾವ ಹೊರದಾರಿ, ಮೈಸೂರಿನಿಂದ ಬರುವಾಗ ಯಾವುದು, ಇಳಿದ ಮೇಲೆ ಎಷ್ಟು ದೂರ, ಮತ್ತೆ ಹೆದ್ದಾರಿ ಹತ್ತುವುದು ಎಲ್ಲಿ ಎಂದು ಬರೆಯಿರಿ. ವಾಪಸ್ ಹತ್ತುವ ದಾರಿ ಗೊತ್ತಿಲ್ಲದಿದ್ದರೆ ಡ್ರೈವರ್ ಇಳಿಯುವುದೇ ಇಲ್ಲ.

ಇನ್ನೊಂದು ಗುಂಪು ಇದೆ, ಬಹಳ ಮಂದಿ ಗಮನಿಸಿಲ್ಲ. 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಬೈಕ್, ಆಟೊ, ಟ್ರ್ಯಾಕ್ಟರ್ ನಿಷೇಧ. ಬೈಕಿನವರು ಈಗಲೂ ಸರ್ವಿಸ್ ರಸ್ತೆಯಲ್ಲಿ, ಹಳೆಯ ರಸ್ತೆಯಲ್ಲಿ ಊರೊಳಗೇ ಬರುತ್ತಾರೆ. ಭಾನುವಾರ ಬೆಳಿಗ್ಗೆ ಆರಕ್ಕೆ ಬೆಂಗಳೂರು ಬಿಟ್ಟು ಎಂಟರ ಹೊತ್ತಿಗೆ ತಟ್ಟೆ ಇಡ್ಲಿ ಹುಡುಕುವ ಈ ಬೈಕ್ ಗುಂಪುಗಳಿಗೆ ಮಾತ್ರ ಇನ್‌ಸ್ಟಾಗ್ರಾಂ ಸರಿಯಾದ ದಾರಿ: ಇಪ್ಪತ್ತು ಬೈಕ್ ನಿಲ್ಲಿಸುವ ಜಾಗ, ಹೆಲ್ಮೆಟ್ ಇಡುವ ಬೆಂಚ್, ಬೆಳಿಗ್ಗೆ ತೆರೆಯುವ ವೇಳೆ, ಈ ಮೂರು ಇರುವ ಒಂದು ರೀಲ್ ಸಾಕು.

ಇನ್‌ಸ್ಟಾಗ್ರಾಂ: ದೂರದವರನ್ನು ಕರೆಯಲು

ಹೊಸ ಗಿರಾಕಿ, ಅದರಲ್ಲೂ ಮೂವತ್ತೈದರ ಒಳಗಿನವರು ಬೇಕೆಂದರೆ ಇದೇ. ಗೋಕುಲಂ, ಜಯಲಕ್ಷ್ಮೀಪುರಂ ಕಡೆಯ ಕೆಫೆಗಳಿಗೆ, ಒಂದೇ ಒಂದು ತಿಂಡಿಯಿಂದ ಹೆಸರಾದ ಹಳೆಯ ಹೋಟೆಲ್‌ಗಳಿಗೆ ಇದು ಹೊಂದುತ್ತದೆ. ದಿನದ ಊಟದ ಮೆಸ್‌ಗೆ ಹೊಂದುವುದಿಲ್ಲ. ಅನ್ನ ಸಾರು ಪಲ್ಯವನ್ನು ವಾರಕ್ಕೆ ಎರಡು ಬಾರಿ ರೀಲ್ ಮಾಡಿದರೆ ಮೂರನೇ ವಾರಕ್ಕೆ ನಿಮಗೇ ಬೇಸರ ಬರುತ್ತದೆ.

ಖಾತೆಯನ್ನು ಪ್ರೊಫೆಷನಲ್‌ಗೆ ಬದಲಿಸಿ, ಆಗ ಅಂಕಿಅಂಶ ಕಾಣುತ್ತದೆ. ಆದರೆ ಬಿಸಿನೆಸ್ ಖಾತೆಗೆ ಸಿನಿಮಾ ಹಾಡುಗಳ ಭಂಡಾರ ಪೂರ್ತಿ ತೆರೆಯುವುದಿಲ್ಲ, ಹಕ್ಕುಸ್ವಾಮ್ಯದ ಕಾರಣಕ್ಕೆ. ಬೇರೆ ಆ್ಯಪಿನಲ್ಲಿ ಹಾಡು ಅಂಟಿಸಿ ಹಾಕಿದರೆ ಸದ್ದು ತೆಗೆದುಹಾಕುತ್ತಾರೆ, ಅಂಥ ರೀಲನ್ನು ಜಾಹೀರಾತು ಮಾಡಲೂ ಬಿಡುವುದಿಲ್ಲ. ಇದರಿಂದ ನಷ್ಟವೇನಿಲ್ಲ. ಕಾವಲಿಗೆ ನೀರು ಚಿಮುಕಿಸಿದಾಗಿನ ಚುಂಯ್ ಸದ್ದಿಗಿಂತ ಚೆನ್ನಾಗಿರುವ ಹಾಡು ದೋಸೆಗೆ ಬೇಕಿಲ್ಲ.

ಚಿತ್ರೀಕರಣದಲ್ಲಿ ಕೈಕೊಡುವುದು ಫೋನ್ ಅಲ್ಲ, ಬೆಳಕು. ಹೋಟೆಲ್ ಒಳಗಿನ ಟ್ಯೂಬ್‌ಲೈಟ್, ಎಲ್‌ಇಡಿಗಳು 50 ಹರ್ಟ್ಸ್ ಕರೆಂಟಿನಲ್ಲಿ ಓಡುತ್ತವೆ; ಫೋನ್ ಸೆಕೆಂಡಿಗೆ 30 ಫ್ರೇಮ್ ಹಿಡಿದಾಗ ಪರದೆಯ ಮೇಲೆ ಕಪ್ಪು ಪಟ್ಟಿಗಳು ಮೇಲೆ ಕೆಳಗೆ ಹರಿದಾಡುತ್ತವೆ. ಕ್ಯಾಮೆರಾದಲ್ಲಿ ಇವನ್ನೆಲ್ಲ ನೀವೇ ಹೊಂದಿಸುವ ಪ್ರೊ ಮೋಡ್ ಇದ್ದರೆ 25 ಫ್ರೇಮ್, ಶಟರ್ 1/50 ಅಥವಾ 1/100 ಇಟ್ಟರೆ ಪಟ್ಟಿ ಹೋಗುತ್ತದೆ. ಪ್ರೊ ಮೋಡ್ ಇಲ್ಲದಿದ್ದರೆ ಬೆಳಿಗ್ಗೆ ಕಿಟಕಿ ಪಕ್ಕದ ಟೇಬಲ್‌ಗೆ ತಟ್ಟೆ ತನ್ನಿ, ಮೇಲಿನ ದೀಪ ಆರಿಸಿ. ಎರಡು ಬಗೆಯ ಬೆಳಕು ಬೆರೆತರೆ ಸಾಂಬಾರು ಹಸಿರುಹಸಿರಾಗಿ ಕಾಣುತ್ತದೆ. ಲೆನ್ಸನ್ನು ಪ್ರತಿ ಶಾಟ್‌ಗೂ ಮುಂಚೆ ಒಣ ಬಟ್ಟೆಯಿಂದ ಒರೆಸಿ. ಅಡುಗೆಮನೆಯಲ್ಲಿ ಎರಡು ನಿಮಿಷಕ್ಕೆ ಅದರ ಮೇಲೆ ಎಣ್ಣೆ ಹಬೆ ಕೂತಿರುತ್ತದೆ, ಚಿತ್ರ ಮಂಜುಮಂಜಾಗಿ ಬರಲು ಅದೇ ಕಾರಣ.

ದೋಸೆಯನ್ನು ಮೇಲಿನಿಂದ ತೆಗೆಯಬೇಡಿ, ಚಪ್ಪಟೆ ಕಾಣುತ್ತದೆ. ಫೋನನ್ನು ಕಾವಲಿಯ ಎತ್ತರಕ್ಕೆ ಇಳಿಸಿ, ಒಂದೂವರೆ ಅಡಿ ದೂರದಲ್ಲಿಟ್ಟು ಅಂಚು ಏಳುವುದನ್ನು ಹಿಡಿಯಿರಿ. ಹಬೆ ಕಾಣಬೇಕಾದರೆ ಹಿಂದೆ ಕತ್ತಲು ಇರಬೇಕು, ಬೆಳಕು ತಟ್ಟೆಯ ಹಿಂಬದಿಯಿಂದ ಓರೆಯಾಗಿ ಬರಬೇಕು. ಬಿಳಿ ಟೈಲ್ಸಿನ ಮುಂದೆ ಎಷ್ಟೇ ಬಿಸಿ ಇದ್ದರೂ ಹಬೆ ಮಾಯ.

ತೀರಾ ಕಷ್ಟದ್ದು ಮುದ್ದೆ. ಕಂದು ಉಂಡೆ, ಕಂದು ಸಾರು, ಸ್ಟೀಲ್ ತಟ್ಟೆ: ಪರದೆಯ ಮೇಲೆ ಎಲ್ಲ ಒಂದೇ ಬಣ್ಣ. ಅದನ್ನು ಬಾಳೆ ಎಲೆಗೆ ಬದಲಿಸಿ, ಪಕ್ಕದಲ್ಲಿ ಈರುಳ್ಳಿ, ನಿಂಬೆ ಹೋಳು, ಸಾರಿನ ಮೇಲೆ ತೇಲುವ ಎಣ್ಣೆ ಕಾಣುವಂತೆ ಬಟ್ಟಲನ್ನು ಕ್ಯಾಮೆರಾ ಕಡೆಗೆ ತುಸು ಓರೆ ಮಾಡಿ. ನಿಂತ ಮುದ್ದೆಯನ್ನು ಯಾರೂ ನೋಡುವುದಿಲ್ಲ. ಬೆರಳು ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಬಟ್ಟಲಿನ ಅಂಚಿಗೆ ಒರೆಸಿ ಎತ್ತುವ ನಾಲ್ಕು ಸೆಕೆಂಡ್, ಅದು ರೀಲ್. ಜೊತೆಗೆ ಅಡುಗೆಯವರೇ "ಬನ್ನಿ ಅಣ್ಣ, ಒಂದ್ ಮುದ್ದೆ ಉಂಡ್ಕೊಂಡ್ ಹೋಗಿ" ಎಂದರೆ ಮಂಡ್ಯದ ಮಾತನ್ನು ತಿದ್ದಲು ಹೋಗಬೇಡಿ.

ಒಟ್ಟು ಉದ್ದ 15ರಿಂದ 20 ಸೆಕೆಂಡ್, ಐದು ಶಾಟ್, ಉದ್ದುದ್ದ 9:16 ಅಳತೆ. ಮೊದಲ ಎರಡು ಸೆಕೆಂಡಿನಲ್ಲಿ ತಿನ್ನುವ ವಸ್ತು ಬಂದುಬಿಡಬೇಕು. ಬೋರ್ಡು, ದೇವರ ಫೋಟೊ, ಲೋಗೊ ಎಲ್ಲ ಆಮೇಲೆ. ಕೊನೆಯ ಶಾಟಿನಲ್ಲಿ ಹೊರಗಿನ ಬೋರ್ಡ್, ಬಡಾವಣೆಯ ಹೆಸರು, ಬೆಲೆ, ವೇಳೆ. ಬರಹವನ್ನು ಪರದೆಯ ಮೇಲ್ಭಾಗದಿಂದ ನಡುವಿನವರೆಗೆ ಇಡಿ. ಕೆಳಗೆ ಕ್ಯಾಪ್ಷನ್, ಬಲಕ್ಕೆ ಲೈಕ್ ಗುಂಡಿಗಳು ಮುಚ್ಚಿಬಿಡುತ್ತವೆ. ಕ್ಯಾಪ್ಷನ್‌ನಲ್ಲಿ ಬಡಾವಣೆಯ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಬರೆಯಿರಿ, ಮೈಸೂರನ್ನು ಹಳೆಯ ಮತ್ತು ಹೊಸ ಎರಡೂ ಸ್ಪೆಲ್ಲಿಂಗಿನಲ್ಲಿ. ಬೆಲೆ ಮುಚ್ಚಿಟ್ಟು "ಡಿಎಂ ಮಾಡಿ" ಎನ್ನುವುದು ಸೀರೆ ಅಂಗಡಿಯ ಚಾಳಿ, ಹೋಟೆಲ್‌ಗೆ ಬೇಡ.

ಪ್ರೊಫೈಲಿನ ತುದಿಯಲ್ಲಿ ಮೂರು ಪೋಸ್ಟ್ ಪಿನ್ ಮಾಡಬಹುದು: ಬೆಲೆಪಟ್ಟಿ, ಬರುವ ದಾರಿ, ನಿಮ್ಮ ಹೆಸರುವಾಸಿ ತಿಂಡಿ. ವಾರಕ್ಕೆ ಎರಡು ರೀಲ್ ಸಾಕು. ಒಂದೇ ಬೆಳಿಗ್ಗೆ ಆರು ತುಣುಕು ತೆಗೆದಿಟ್ಟುಕೊಂಡರೆ ಮೂರು ವಾರ ನಿಶ್ಚಿಂತೆ.

ಜಾಹೀರಾತಿಗೆ ದುಡ್ಡು ಹಾಕುವುದಾದರೆ

ಪೋಸ್ಟ್ ಕೆಳಗಿನ ಬೂಸ್ಟ್ ಗುಂಡಿ ಸುಲಭ, ಅದಕ್ಕೇ ದುಡ್ಡು ಹೆಚ್ಚು ಪೋಲಾಗುವುದೂ ಅಲ್ಲೇ. ಪ್ರದೇಶ ಆರಿಸದೆ ಒತ್ತಿದರೆ ರೀಲನ್ನು ಎಲ್ಲೆಲ್ಲಿಯವರೋ ನೋಡುತ್ತಾರೆ. ಹೋಟೆಲ್ ಮೇಲೆ ಪಿನ್ ಇಟ್ಟು ಮೈಸೂರಿನಲ್ಲಿ 3ರಿಂದ 5 ಕಿಲೋಮೀಟರ್, ಮಂಡ್ಯದಲ್ಲಿ ಪೂರ್ತಿ ಪಟ್ಟಣಕ್ಕೆ ವ್ಯಾಪ್ತಿ ಹಾಕಿ. ಮಧ್ಯಾಹ್ನದ ಊಟಕ್ಕಾದರೆ ಬೆಳಿಗ್ಗೆ ಹತ್ತೂವರೆಯಿಂದ ಒಂದೂವರೆವರೆಗೆ ಮಾತ್ರ ತೋರಿಸುವುದು ಜಾಣತನ; ಇದಕ್ಕೆ ಬೂಸ್ಟ್ ಬಿಟ್ಟು ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ಗಳ ಕಂಪನಿ ಮೆಟಾದ ಆ್ಯಡ್ಸ್ ಮ್ಯಾನೇಜರ್‌ಗೆ ಹೋಗಬೇಕು, ಅಲ್ಲಿಯೂ ದಿನದ ಬಜೆಟ್ ಬದಲು ಒಟ್ಟು ಅವಧಿಯ ಬಜೆಟ್ ಆರಿಸಿದರೆ ಮಾತ್ರ ಗಂಟೆಗಳ ವೇಳಾಪಟ್ಟಿ ತೆರೆಯುತ್ತದೆ.

ಲೆಕ್ಕ ಹೀಗಿದೆ. ದಿನಕ್ಕೆ ₹200ರಂತೆ ಹತ್ತು ದಿನಕ್ಕೆ ₹2,000. ಅದರ ಮೇಲೆ 18% ಜಿಎಸ್‌ಟಿ ಸೇರಿ ₹2,360. ಸಾಮಾನ್ಯ ಹೋಟೆಲ್‌ಗಳು 5% ಜಿಎಸ್‌ಟಿ ವ್ಯವಸ್ಥೆಯಲ್ಲಿರುವುದರಿಂದ ಈ ₹360ಕ್ಕೆ ಇನ್‌ಪುಟ್ ಕ್ರೆಡಿಟ್ (ಕಟ್ಟಿದ ಜಿಎಸ್‌ಟಿಯನ್ನು ನಿಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ) ಸಿಗುವುದಿಲ್ಲ, ಅದು ನಿಮ್ಮ ಖರ್ಚೇ. ತಲೆಗೆ ₹180 ಬಿಲ್ ಆಗಿ, ಸಾಮಗ್ರಿ, ಗ್ಯಾಸ್ ಎಲ್ಲ ಕಳೆದು ₹70 ಉಳಿಯುತ್ತದೆ ಎಂದಿಟ್ಟುಕೊಳ್ಳಿ. ಈ ಜಾಹೀರಾತು ನೋಡಿಯೇ 34 ಜನ ಬಂದರೆ ಹಾಕಿದ ದುಡ್ಡು ವಾಪಸ್. ನಿಮ್ಮ ಸ್ವಂತ ಅಂಕಿ ಹಾಕಿ ಇದೇ ಲೆಕ್ಕ ಮಾಡಿ, ಆಮೇಲೆ ಗುಂಡಿ ಒತ್ತಿ.

ವಾಟ್ಸ್‌ಆ್ಯಪ್: ಬಂದವರನ್ನು ಮತ್ತೆ ಬರಿಸಲು

ಬಡಾವಣೆಯ ಹೋಟೆಲ್, ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಮೆಸ್, ಕಾಲೇಜು ಹತ್ತಿರದ ಊಟದ ಮನೆ, ಬೀಗರೂಟದ ಆರ್ಡರ್ ಹಿಡಿಯುವ ಮಂಡ್ಯದ ನಾನ್‌ವೆಜ್ ಹೋಟೆಲ್, ಇವರಿಗೆ ಇನ್‌ಸ್ಟಾಗ್ರಾಂಗಿಂತ ಇದು ವಾಸಿ. ಹೊಸಬರನ್ನು ಇದು ತರುವುದಿಲ್ಲ. ತಿಂಗಳಿಗೊಮ್ಮೆ ಬರುವವರನ್ನು ಮೂರು ಬಾರಿ ಬರಿಸುತ್ತದೆ.

ವಾಟ್ಸ್‌ಆ್ಯಪ್‌ನ ಬಿಸಿನೆಸ್ ಆ್ಯಪ್ ಉಚಿತ, ಗಲ್ಲಾದ ಲ್ಯಾಂಡ್‌ಲೈನ್ ನಂಬರಿಗೂ ನಡೆಯುತ್ತದೆ. ಪರಿಶೀಲನೆಯ ಕೋಡ್ ಕರೆಯ ಮೂಲಕ ಬರುತ್ತದೆ. ಮಾಲೀಕರ ಸ್ವಂತ ನಂಬರ್ ಬೇಡ. ಒಂದೇ ಸಂದೇಶವನ್ನು ಒಮ್ಮೆಗೇ ಹಲವರಿಗೆ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಯೊಂದಕ್ಕೆ 256 ಜನರ ಮಿತಿ, ಜೊತೆಗೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಸೋಲುವವರೆಲ್ಲ ಎಡವುವುದು ಇಲ್ಲೇ: ಬಿಲ್ ಪುಸ್ತಕದಿಂದ ಸಾವಿರ ನಂಬರ್ ತುಂಬಿಸಿ ಕಳಿಸುತ್ತಾರೆ, ತೊಂಬತ್ತಕ್ಕೆ ಮುಟ್ಟಿರುತ್ತದೆ. ಟೇಬಲ್ ಮೇಲೆ ಕ್ಯೂಆರ್ ಇಟ್ಟು "ಇವತ್ತಿನ ಪಲ್ಯ, ಸಾರು ಏನೆಂದು ಬೆಳಿಗ್ಗೆ ಹತ್ತಕ್ಕೆ ತಿಳಿಸುತ್ತೇವೆ, ನಂಬರ್ ಸೇವ್ ಮಾಡಿ ಊಟ ಎಂದು ಕಳಿಸಿ" ಎಂದು ಬರೆದಿಡಿ. ತಾವಾಗಿಯೇ ಸಂದೇಶ ಕಳಿಸಿದವರನ್ನಷ್ಟೇ ಸೇರಿಸಿಕೊಳ್ಳಿ. ಒಪ್ಪಿಗೆಯಿಲ್ಲದೆ ನಂಬರ್ ಬಳಸಿದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತೊಡಕು ಒಂದು ಕಡೆ. ನಾಲ್ಕಾರು ಜನ ಬ್ಲಾಕ್ ಮಾಡಿ ದೂರು ಒತ್ತಿದರೆ ನಂಬರೇ ಬಂದ್ ಆಗುವ ಅಪಾಯ ಇನ್ನೊಂದು ಕಡೆ. ಬಲ್ಕ್ ಸಂದೇಶದ ಸಾಫ್ಟ್‌ವೇರ್ ಮಾರುವವರನ್ನು ಬಾಗಿಲಲ್ಲೇ ಕಳಿಸಿಬಿಡಿ.

ಲೇಬಲ್ ಸೌಲಭ್ಯ ಬಳಸಿ: ಶುದ್ಧ ಸಸ್ಯಾಹಾರಿ, ಭಾನುವಾರದ ನಾಟಿಕೋಳಿ, ಪಾರ್ಟಿ ಆರ್ಡರ್. ಶ್ರಾವಣದಲ್ಲಿ ನಾಟಿಕೋಳಿ ಸಂದೇಶವನ್ನು ಎಲ್ಲರಿಗೂ ಕಳಿಸಿದರೆ ಬೈಗುಳ ಗ್ಯಾರಂಟಿ. ಯುಗಾದಿಯ ಮಾರನೇ ದಿನದ ಹೊಸತೊಡಕಿಗೆ ಮೂರು ದಿನ ಮುಂಚೆ ಆರ್ಡರ್ ತೆಗೆದುಕೊಂಡರೆ ಮಟನ್ ಎಷ್ಟು ಕೆಜಿ ಹೇಳಬೇಕೆಂಬ ತಲೆನೋವೂ ತಪ್ಪುತ್ತದೆ. ಊಟದ ಮೆನು ಬಿಟ್ಟು ಮಿಕ್ಕ ಸಂದೇಶ ವಾರಕ್ಕೆ ಎರಡಕ್ಕಿಂತ ಹೆಚ್ಚು ಬೇಡ. ಗುಡ್ ಮಾರ್ನಿಂಗ್ ಹೂವಿನ ಚಿತ್ರ ಅಂತೂ ಬೇಡವೇ ಬೇಡ.

ಫೇಸ್‌ಬುಕ್, ಯೂಟ್ಯೂಬ್

ಫೇಸ್‌ಬುಕ್‌ಗೆ ಪ್ರತ್ಯೇಕ ಸಮಯ ಕೊಡಬೇಕಿಲ್ಲ. ಮೆಟಾ ಬಿಸಿನೆಸ್ ಸೂಟ್‌ನಿಂದ ಒಂದೇ ರೀಲ್ ಎರಡೂ ಕಡೆ ಹೋಗುತ್ತದೆ. ಐವತ್ತು ದಾಟಿದ ಗಿರಾಕಿಗಳು, ಊರಿನ ಗುಂಪುಗಳು ಅಲ್ಲಿವೆ. ಪಾರ್ಟಿ ಹಾಲ್, ಹುಟ್ಟುಹಬ್ಬದ ಆರ್ಡರ್ ಇದ್ದರೆ ಅಲ್ಲಿಂದ ಫೋನ್ ಬರುತ್ತದೆ. ಯೂಟ್ಯೂಬ್‌ಗೆಂದೇ ಬೇರೆ ವಿಡಿಯೊ ಮಾಡುವುದು ಹೋಟೆಲ್‌ಗೆ ಬೇಡ. ಮಾಡಿದ ರೀಲನ್ನೇ ಶಾರ್ಟ್ಸ್‌ಗೂ ಹಾಕಿ ಬಿಡಿ.

ಫುಡ್ ಬ್ಲಾಗರ್: ಅಡುಗೆಮನೆ ತಯಾರಿದ್ದರೆ ಮಾತ್ರ

ಉದಾಹರಣೆಗೆ ಬ್ಲಾಗರ್ ಶುಲ್ಕ ₹15,000 ಎನ್ನಿ. ಅವರು ಜಿಎಸ್‌ಟಿ ನೋಂದಾಯಿತರಾಗಿದ್ದರೆ ₹17,700. ತಲೆಗೆ ₹70 ಉಳಿಯುವ ಅದೇ ಲೆಕ್ಕದಲ್ಲಿ 253 ಹೊಸ ಜನ ಬರಬೇಕು. ಈಗ ಕುರ್ಚಿ ಎಣಿಸಿ. 48 ಸೀಟು, ಒಬ್ಬರಿಗೆ 40 ನಿಮಿಷ, ಮೂರು ಗಂಟೆಯ ರಶ್: ಹೆಚ್ಚೆಂದರೆ 216 ಜನ. ಅದರಲ್ಲಿ 120 ಮಾಮೂಲಿನವರು. ಹೊಸಬರಿಗೆ ಉಳಿಯುವುದು 96 ಸೀಟು. ವಿಡಿಯೊ ಹಿಟ್ ಆಗಿ 250 ಜನ ಒಂದೇ ಭಾನುವಾರ ಬಂದರೆ ನೂರೈವತ್ತು ಜನ ಬಾಗಿಲಲ್ಲಿ ನಿಲ್ಲುತ್ತಾರೆ, ಹಿಟ್ಟು ಹತ್ತಕ್ಕೇ ಮುಗಿಯುತ್ತದೆ, ಮಾಮೂಲಿನವರು ಜಾಗ ಸಿಗದೆ ತಿರುಗಿ ಹೋಗುತ್ತಾರೆ, ಸಂಜೆಯೊಳಗೆ ಮ್ಯಾಪಿನಲ್ಲಿ ಒಂದು ಸ್ಟಾರ್‌ಗಳ ಸಾಲು. ವಿಡಿಯೊ ವಾರದ ಮೊದಲಲ್ಲಿ, ಸೋಮವಾರವೋ ಮಂಗಳವಾರವೋ ಬರಲಿ ಎಂದು ಮೊದಲೇ ಹೇಳಿ. ಆ ವಾರ ಕಾವಲಿಗೊಬ್ಬರು, ಕ್ಲೀನಿಂಗ್‌ಗೊಬ್ಬರು ಹೆಚ್ಚುವರಿ ಇರಲಿ.

ಆರಿಸುವಾಗ ಫಾಲೋವರ್ಸ್ ಸಂಖ್ಯೆ ನೋಡಬೇಡಿ. ಅವರ ಖಾತೆಯ ಅಂಕಿಅಂಶದ ಪುಟ ಇನ್‌ಸೈಟ್ಸ್‌ನಲ್ಲಿ ನೋಡುಗರ ನಗರಗಳ ಪಟ್ಟಿಯ ಸ್ಕ್ರೀನ್‌ಶಾಟ್ ಕೇಳಿ. ಮೈಸೂರು, ಮಂಡ್ಯ, ಬೆಂಗಳೂರು ಯಾವ ಕ್ರಮದಲ್ಲಿವೆ ನೋಡಿ. ಅವರ ಕೊನೆಯ ಹತ್ತು ರೀಲ್‌ಗಳ ವೀಕ್ಷಣೆಯನ್ನು ಇಳಿಕೆ ಕ್ರಮದಲ್ಲಿ ಬರೆದು ನಡುವಿನದ್ದನ್ನು ಲೆಕ್ಕಕ್ಕೆ ಹಿಡಿಯಿರಿ, ಅತಿ ಹೆಚ್ಚಿನದ್ದನ್ನಲ್ಲ. ಮಾತುಕತೆಯಲ್ಲಿ ಬರಹದಲ್ಲಿ ಬರಬೇಕಾದವು: ಕೊಲ್ಯಾಬ್ ಪೋಸ್ಟ್ ಆಗಿ ನಿಮ್ಮ ಖಾತೆಯಲ್ಲೂ ಕಾಣಬೇಕು, ಲೊಕೇಶನ್ ಟ್ಯಾಗ್ ಇರಬೇಕು, ತುಣುಕುಗಳನ್ನು ನೀವೂ ಬಳಸಲು ಹಕ್ಕು, ಎಷ್ಟು ತಿಂಗಳು ಅಳಿಸುವಂತಿಲ್ಲ. ದುಡ್ಡು ಕೊಟ್ಟಿದ್ದರೂ ಬರೀ ಊಟ ಕೊಟ್ಟಿದ್ದರೂ ಅದು ಜಾಹೀರಾತು ಎಂದು ಅವರು ತೋರಿಸಲೇಬೇಕು. ಜಾಹೀರಾತು ಮಾನದಂಡ ಮಂಡಳಿ ಎಎಸ್‌ಸಿಐಯ 2021ರ ಮಾರ್ಗಸೂಚಿ, ಗ್ರಾಹಕ ವ್ಯವಹಾರಗಳ ಇಲಾಖೆಯ 2023ರ ಸೂಚನೆ ಎರಡೂ ಅದನ್ನೇ ಹೇಳುತ್ತವೆ. ದಾರಿತಪ್ಪಿಸುವ ಜಾಹೀರಾತಿಗೆ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ₹10 ಲಕ್ಷದವರೆಗೆ ದಂಡವಿದೆ, ನಂದಿನಿ ತುಪ್ಪ ಎಂದು ಹೇಳಿಸಿ ಡಾಲ್ಡಾ ಹಾಕುವವರು ಇದನ್ನು ನೆನಪಿಡಲಿ.

ಕೀಲಿಕೈ ಯಾರ ಬಳಿ, ಲೆಕ್ಕ ಎಲ್ಲಿ

ಖಾತೆಗಳನ್ನು ಏಜೆನ್ಸಿಯವರ ಅಥವಾ ಕೌಂಟರ್ ಹುಡುಗನ ಇಮೇಲಿನಲ್ಲಿ ತೆರೆಯಬೇಡಿ. ಅವರು ಕೆಲಸ ಬಿಟ್ಟ ದಿನ ನಿಮ್ಮ ಹೋಟೆಲ್ ಅವರ ಕೈಯಲ್ಲಿರುತ್ತದೆ. ಗೂಗಲ್‌ನಲ್ಲಿ ನೀವು ಪ್ರಾಥಮಿಕ ಮಾಲೀಕರು, ಅವರು ಬರೀ ಮ್ಯಾನೇಜರ್, ಮೆಟಾದಲ್ಲೂ ಹಾಗೆಯೇ. ಎರಡು ಹಂತದ ಪರಿಶೀಲನೆ ನಿಮ್ಮ ಫೋನಿಗೇ ಬರಲಿ.

ಅಳೆಯಲು ಗಲ್ಲಾ ಪಕ್ಕ ಒಂದು ಹಾಳೆ ಸಾಕು. ಮ್ಯಾಪ್, ರೀಲ್, ವಾಟ್ಸ್‌ಆ್ಯಪ್, ಯಾರೋ ಹೇಳಿದರು, ಮಾಮೂಲಿನವರು ಎಂದು ಐದು ಕಾಲಂ. ಹೊಸ ಮುಖ ಕಂಡಾಗ "ಹೇಗೆ ಗೊತ್ತಾಯಿತು ಸರ್?" ಎಂದು ಕೇಳಿ ಗೀಟು ಹಾಕುವುದು. ಅದರ ಪಕ್ಕದಲ್ಲಿ ವಾರಕ್ಕೊಮ್ಮೆ ಗೂಗಲ್‌ನ ದಾರಿ ಕೇಳಿದವರ ಸಂಖ್ಯೆ, ಕರೆಗಳ ಸಂಖ್ಯೆ, ಇನ್‌ಸ್ಟಾಗ್ರಾಂನ ಸೇವ್ ಮತ್ತು ಶೇರ್ ಬರೆಯಿರಿ. ಲೈಕ್ ಬರೆಯಬೇಡಿ, ಲೈಕ್ ಒತ್ತಿದವರು ಬೀದರ್‌ನಲ್ಲೂ ಇರಬಹುದು. ನಾಲ್ಕು ವಾರ ಆದರೂ ಒಂದು ಕಾಲಂ ಬರಿದಾಗಿಯೇ ಇದ್ದರೆ ಅಲ್ಲಿ ಹೊಸದಾಗಿ ಏನೂ ಹಾಕಬೇಡಿ, ಜಾಹೀರಾತನ್ನೂ ನಿಲ್ಲಿಸಿ. ಖಾತೆ ಮಾತ್ರ ಅಳಿಸಬೇಡಿ; ಫೋನ್ ನಂಬರ್, ವೇಳೆ, ಬೆಲೆಪಟ್ಟಿ ಸರಿಪಡಿಸಿ ಹಾಗೆಯೇ ಇರಲಿ, ಮುಂದಿನ ದಸರಾ ಹೊತ್ತಿಗೆ ಬೇಕಾಗಬಹುದು.